ಅಪ್ಪನ ಮೂವತ್ತು, ನನ್ನ ಎಂಬತ್ತು

ಗೆಳೆಯರೇ, ಇವತ್ತು ಅಪ್ಪನನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಕಾರು ಓಡಿಸಿದೆ! ಬಾಗೇವಾಡಿಯ ಓಣಿಗಳಲ್ಲಿ ಮೂವತ್ತು ದಾಟಿಸದೆ ಡೀಸೆಲ್ ಕಾರು ಓಡಿಸುವುದೇ ಅವರ ಹೆಮ್ಮೆ. ಅದಕ್ಕೇ ಹೊಗೆಯ ಮಸಿ ತಡೆಯುವ ಫಿಲ್ಟರ್ ಕಟ್ಟಿಕೊಂಡು, ಮೀಟರಿನಲ್ಲಿ ಹಳದಿ ದೀಪ ಹೊತ್ತಿಕೊಂಡಿತ್ತು.

"ಎಂಜಿನ್ ಚಲೋತ್ನಂಗ ಕಾದ್ರ ಆ ಮಸಿ ಸುಟ್ಟು ಹೋಗ್ತೈತ್ರಿ ಅಪ್ಪಾ," ಎಂದೆ.

ನಿಡಗುಂದಿಯವರೆಗೂ ಅವರು ಬಾಗಿಲ ಮೇಲಿನ ಹಿಡಿಕೆ ಬಿಡಲಿಲ್ಲ. "ಸಾವಕಾಶ ಹೊಡಿಯವಾ!"

"ಸಾವಕಾಶ ಹೊಡದದ್ದಕ್ಕ ಹಿಂಗಾಗೈತ್ರಿ!"

ವಾಪಸು ಬರುವಾಗ ದೀಪ ಆರಿತು.

ಮನೆ ಮುಂದೆ ಕಾರು ನಿಲ್ಲಿಸುತ್ತಿದ್ದಂತೆ ಪಕ್ಕದ ಮನೆಯ ಕಾಕಾ ಬಂದರು. "ಅಣ್ಣಾರ, ನಮ್ಮ ಗಾಡ್ಯಾಗೂ ಅಂಥಾದ ದೀಪ ಹತ್ತೈತ್ರಿ."

ಅಪ್ಪ ಎದೆಯುಬ್ಬಿಸಿದರು. "ನನಗ್ಯಾಕ ಹೇಳ್ತಿ? ನನ್ನ ಮಗಳಿಗೆ ಹೇಳು!"

ಕಾಕಾನಿಗೆ ಕಾರು ಕಲಿಸಿದವರು ಅಪ್ಪ. ನನಗೆ ಕಲಿಸಿದವಳು ಅವ್ವ.