ನಾಬ್ಬೋಸಾಳ ಶನಿವಾರದ ಸಾರುವಿಕೆ
ಕಂಪಾಲಾದಲ್ಲಿ ಯಾವ ಹಾಡು, ಯಾವ ಕುಣಿತ ನಡೆಯಬೇಕಿದ್ದರೂ ಮೊದಲು ನಾಬ್ಬೋಸಾಳ ಗಂಟಲಲ್ಲಿ ನಡೆಯಬೇಕು. ಬಾಡಿಗೆ ಬೈಕಿನ ಹಿಂದೆ ಮೈಕು ಹಿಡಿದು ಅವಳು ಹೊರಟರೆ ಊರಿನ ಬೆಟ್ಟಗಳೂ ಕಿವಿ ಮುಚ್ಚಿಕೊಳ್ಳುತ್ತವೆ. "ಏ ಬಾಳೆಕಾಯಿ ಅಕ್ಕಾ, ಶನಿವಾರ ಮೈದಾನದಲ್ಲಿ ಡೋಲು ಕುಣಿತ! ಗಂಡನ್ನೂ ಎಳ್ಕೊಂಡು ಬಾ!" ಎಂದರೆ, "ನಿನ್ ಕೂಗಿಗೆ ಅವ್ನು ಆಗ್ಲೇ ಊರು ಬಿಟ್ಟ, ಹೋಗೇ!" ಎಂದು ಬಾಳೆಕಾಯಿಯವಳ ಜವಾಬು, ಸಂತೆಗೆ ಸಂತೆಯೇ ನಗುತ್ತದೆ. ಇಂಥ ಬಾಯಿ ಮುಚ್ಚುವುದು ಒಂದೇ ಕಡೆ. ಕಿವುಡ ಮಕ್ಕಳ ಶಾಲೆಯ ಮುಂದೆ ಅವಳು ಮೈಕು ಆರಿಸಿ, ಕೆಳಗಿಳಿದು, ಸೊಂಟಕ್ಕೆ ಬಟ್ಟೆ ಬಿಗಿದು, ಶನಿವಾರದ ಅಷ್ಟೂ ಡೋಲುಗಳ ಬಡಿತವನ್ನು ಕುಣಿದೇ ಸಾರುತ್ತಾಳೆ. ಶನಿವಾರ ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬರುವವರು ಆ ಮಕ್ಕಳೇ. ಡೋಲುಗಳ ಪಕ್ಕದಲ್ಲೇ ಕೂತು, ನೆಲಕ್ಕೆ ಅಂಗೈ ಊರಿ, ಕಣ್ಣು ಮುಚ್ಚಿ ಕೇಳುತ್ತಾರೆ.