ಮೇಜಿನ ಅಂಚಿನ ಕಚ್ಚು

ಮೇಜಿನ ಅಂಚಿನಲ್ಲಿ ಅರ್ಧಚಂದ್ರಾಕಾರದ ಕಚ್ಚೊಂದಿತ್ತು. ನನ್ನ ಕೊಡೆ ಅದರಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ನಿಂತಿತು. ಫೋರ್ಟಿನಲ್ಲಿ ನನ್ನ ಹಳೆಯ ಆಫೀಸಿನ ಹತ್ತಿರದ ಆ ಉಡುಪಿ ಹೋಟೆಲಿಗೆ ಹನ್ನೆರಡು ವರ್ಷಗಳ ನಂತರ, ಜೋರುಮಳೆಯ ದೆಸೆಯಿಂದಷ್ಟೇ, ಮೊನ್ನೆ ಕಾಲಿಟ್ಟಿದ್ದೆ. ಹಿಂದೊಮ್ಮೆ ಅಲ್ಲಿ ನನ್ನ ಕೊಡೆ ಜಾರಿಬಿದ್ದು ಮಾಣಿ ಎಡವಿದಾಗ, ಮಾಲೀಕರು ನನ್ನ ಸಹೋದ್ಯೋಗಿಗಳೆದುರೇ, "ಕೊಡೆ ಇಡ್ಲಿಕ್ಕೂ ಗೊತ್ತಿಲ್ವಾ ನಿಮ್ಗೆ?" ಎಂದಿದ್ದರು. ಅದನ್ನು ನಾನು ಮರೆತಿರಲಿಲ್ಲ. ಮರೆಯುವ ಉದ್ದೇಶವೂ ಇರಲಿಲ್ಲ.

ಗಲ್ಲಾಪೆಟ್ಟಿಗೆಯ ಬಳಿ ಕೂತಿದ್ದ ಮಾಲೀಕರ ಮಗ ನನ್ನನ್ನು ಗುರುತಿಸಿ ಎದ್ದುಬಂದ.

"ಅಪ್ಪ ಮಾರನೇ ದಿನವೇ ಬಡಗಿಯನ್ನು ಕರೆಸಿ ನಿಮ್ಗೋಸ್ಕರ ಕೊರೆಸಿದ್ದು ಇದು. ನೀವು ಮತ್ತೆ ಬರ್ಲೇ ಇಲ್ಲ ಮಾರಾಯ್ರೆ! ಸಾಯುವವರೆಗೂ ನಿಮ್ಮ ಬಗ್ಗೆ ಕೇಳ್ತಿದ್ರು."

ನಿವೃತ್ತನಾಗುವವರೆಗೂ ನಾನು ಎದುರಿನ ಹೋಟೆಲಿನಲ್ಲಿ ಉಣ್ಣುತ್ತಾ, ಅವರು ಕ್ಷಮೆ ಕೇಳಲಿ ಎಂದು ಕಾದಿದ್ದೆ. ಒಂದು ದಿನ ರಸ್ತೆ ದಾಟಿದ್ದರೆ ಸಾಕಿತ್ತು.