ಗಾಡಿಯಿಂದ ಕಳಚಿ ಬರುವ ಯಂತ್ರ

ಏಳು ತಿಂಗಳಾದ ಮೇಲೆ ನನ್ನ ಮೊಮ್ಮಗಳು ಒಂದು ವಸ್ತು ಬೇಕು ಅಂದಳು. ಊಟ ಬೇಡ, ಕೆಲಸ ಬೇಡ, ಮಾತು ಬೇಡ ಅಂತ ಗೋಡೆ ಕಡೆ ಮುಖ ಮಾಡಿ ಮಲಗಿದ್ದವಳು ಒಂದು ಬೆಳಿಗ್ಗೆ ಅಡುಗೆಮನೆಗೆ ಬಂದು ನಿಂತಳು.

"ಆಯಿ, ನಂಗೊಂದು ಜಿಪಿಎಸ್ ಬೇಕು. ಬೈಕಿಗೂ ಆಗಬೇಕು, ಗುಡ್ಡ ಹತ್ತಾಕೂ ಆಗಬೇಕು. ಶಾಪಿಗೆ ಬರ್ತೀ?"

ನಾನು ಓದಿದ್ದು ನಾಲ್ಕನೇ ಇಯತ್ತೆ. ಅದೇನು ಯಂತ್ರವೋ ಎಂತೋ, ನನಗೆ ಗೊತ್ತಿಲ್ಲ. ಆದರೆ ನನ್ನ ಎದೆ ಹೇಗೆ ಉಕ್ಕಿತೆಂದರೆ, ಹಿಟ್ಟಿನ ಕೈಯಲ್ಲೇ ಅವಳನ್ನು ಅಪ್ಪಿಕೊಂಡೆ. ಕರಿ ಅಂಗಿಯೆಲ್ಲ ಬಿಳಿಯಾಯಿತು. ನನ್ನ ಮಗಳು, ಅಂದರೆ ಅವಳ ತಾಯಿ, ಬಾಗಿಲಲ್ಲಿ ನಿಂತು ಅಳತೊಡಗಿದಳು. "ಮತ್ತ ಆ ಗುಡ್ಡಕ್ಕ ಹೊಂಟಾಳು, ನೀ ನಗಾಕತ್ತೀಯೇನವ್ವಾ?"

ಅಳುವುದಕ್ಕೆ ಕಾರಣವಿತ್ತು. ಕೆನಡಾದ ಮಿಲ್ಟನ್ ಊರಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಬೆಳಗಾವಿ ಕಡೆಯ ಹುಡುಗಿಯೊಬ್ಬಳು ಬಾಡಿಗೆಗೆ ಇದ್ದಳು. ಹಗಲು ಕಾಲೇಜು, ಸಂಜೆ ವೇರ್‌ಹೌಸಿನಲ್ಲಿ ಶಿಫ್ಟು. ಭಾನುವಾರ ನನ್ನ ಕೈ ರೊಟ್ಟಿ ತಿಂದು, "ನಮ್ಮವ್ವಗ ಹೇಳಬ್ಯಾಡ್ರಿ ಆಯಿ, ನಿಮ್ಮವೇ ಛಲೋ ಅದಾವ" ಅನ್ನುತ್ತಿದ್ದಳು. ಮೊಮ್ಮಗಳಿಗೂ ಅವಳಿಗೂ ಒಂದೇ ಜೀವ. ನವೆಂಬರ್ ಕೊನೆಯಲ್ಲಿ, ಚಳಿಗಾಲಕ್ಕೆ ಬೈಕು ಮುಚ್ಚಿಡುವ ಮುಂಚಿನ ಕೊನೆಯ ಸವಾರಿ ಎಂದು ಇಬ್ಬರೂ ಊರಾಚೆಯ ಗುಡ್ಡಕ್ಕೆ ಹೋದರು. ದಾರಿ ತೋರಿಸುವ ದೊಡ್ಡ ಯಂತ್ರವೊಂದು ಬೈಕಿನ ಹ್ಯಾಂಡಲಿಗೆ ಸ್ಕ್ರೂ ಹಾಕಿ ಕೂತಿತ್ತು. ಅದನ್ನು ಅಲ್ಲೇ ಬಿಟ್ಟು, ಫೋನು ಹಿಡಿದು ಮೇಲೆ ಹತ್ತಿದರು.

ಒದ್ದೆ ಎಲೆಗಳ ಮೇಲೆ ಕಾಲು ಜಾರಿ ಆ ಹುಡುಗಿ ಬಂಡೆಯ ಸೀಳಿನೊಳಗೆ ಬಿದ್ದಳು. ಅವಳ ಫೋನು ಅವಳ ಜೊತೆಗೇ ಹೋಯಿತು. ಮೊಮ್ಮಗಳು ತನ್ನ ಫೋನಿನಿಂದ ಪೊಲೀಸರಿಗೆ ಕರೆ ಮಾಡಿ, ಎಲ್ಲಿದ್ದೇವೆ ಎಂದು ಹೇಳುವ ಮೊದಲೇ ಚಳಿಗೆ ಅದೂ ಸತ್ತಿತು. ಜನರನ್ನು ಕರೆತರಲು ಕೆಳಗೆ ಓಡಿದಳು. ಜನ ಸಿಕ್ಕರು. ಆದರೆ ಅವರನ್ನು ಕರೆದುಕೊಂಡು ವಾಪಸ್ಸು ಹೋಗುವಷ್ಟರಲ್ಲಿ ಕತ್ತಲಾಗಿ, ಮಂಜು ಇಳಿದು, ಸೀಳು ಯಾವ ಕಡೆ ಎಂದು ತಿಳಿಯಲಿಲ್ಲ. ಬೆಳಗ್ಗೆ ಹುಡುಗಿ ಸಿಕ್ಕಾಗ ಉಸಿರಿರಲಿಲ್ಲ.

ಫೋನಿನಲ್ಲಿ ಆ ಹುಡುಗಿಯ ತಾಯಿ ನನ್ನನ್ನು ಒಂದೇ ಮಾತು ಕೇಳಿದರು. "ಕೊನಿಗೆ ಒಬ್ಬಾಕಿನ ಇದ್ದಳೇನ್ರಿ ಅಕ್ಕಾರ?" ನಾನು ಫೋನನ್ನು ಮಗಳ ಕೈಗೆ ಕೊಟ್ಟುಬಿಟ್ಟೆ.

ಅಂಗಡಿಯಲ್ಲಿ ಎರಡು ಯಂತ್ರ ತೋರಿಸಿದರು. ಒಂದು ದೊಡ್ಡದು, ಗಾಜಿನ ಮೇಲೆ ಬೆರಳು ಮುಟ್ಟಿಸುವಂಥದ್ದು, ಬೈಕಿನ ಕರೆಂಟಿನಿಂದ ನಡೆಯುವಂಥದ್ದು, ತಿರುವು ಬಂದಾಗ ಹೆಲ್ಮೆಟ್ಟಿನೊಳಗೆ ಮಾತಾಡಿ ಹೇಳುವಂಥದ್ದು. ಬೈಕಿನಿಂದ ತೆಗೆದರೆ ಎರಡು ತಾಸಿಗೆ ಸುಸ್ತಾಗುತ್ತದಂತೆ. ಇನ್ನೊಂದು ಸಣ್ಣದು, ಸೋಪಿನ ಕೇಕಿಗಿಂತ ಸ್ವಲ್ಪ ದಪ್ಪ. ಅದರ ತುಂಬ ಗುಂಡಿಗಳು. ಸೆಲ್ ಬದಲಿಸಬಹುದು.

ನಾನು ರೆಕ್ಸ್‌ಡೇಲಿನಲ್ಲಿ ಪರೋಟ ಪ್ಯಾಕ್ ಮಾಡುವ ಫ್ಯಾಕ್ಟರಿಯ ಫ್ರೀಜರಿನಲ್ಲಿ ಹನ್ನೊಂದು ವರ್ಷ ದುಡಿದವಳು. ಪೆಟ್ಟಿಗೆ ಎಣಿಸುವ ಮಷೀನು ಬೆರಳು ಮುಟ್ಟಿಸಿ ನಡೆಸುವಂಥದ್ದಾದರೆ ಗ್ಲೌಸು ತೆಗೆಯಬೇಕು. ತೆಗೆದರೆ ಬೆರಳು ಮರಗಟ್ಟುತ್ತದೆ. ಗುಂಡಿ ಇದ್ದ ಹಳೆಯ ಮಷೀನಿಗೇ ನಾವೆಲ್ಲ ಜಗಳಾಡುತ್ತಿದ್ದೆವು. ಚೀಲದಿಂದ ನನ್ನ ಹಳೆಯ ಗ್ಲೌಸು ತೆಗೆದು ಮೊಮ್ಮಗಳ ಕೈಗೆ ಹಾಕಿಸಿದೆ.

"ಒತ್ತು."

"ಆಯಿ, ಎಲ್ಲಾರೂ ನೋಡಾಕತ್ತಾರ."

"ನೋಡ್ಲಿ. ಅವರೇನು ಗುಡ್ಡಕ್ಕ ಬರ್ತಾರೇನು? ಒತ್ತು!"

ದೊಡ್ಡದರ ಗಾಜು ಗ್ಲೌಸಿಗೆ ಜಗ್ಗಲಿಲ್ಲ, ಸಣ್ಣದರ ಗುಂಡಿ ಒತ್ತಲು ಬಂತು.

"ಬೈಕ್ ಮ್ಯಾಲ ಇದು ಟೂ ಸ್ಮಾಲ್, ಆಯಿ. ಮ್ಯಾಪು ಕಾಣಂಗಿಲ್ಲ."

"ರಸ್ತೆ ತಪ್ಪಿದ್ರ ಗ್ಯಾಸ್ ಸ್ಟೇಷನ್ದಾಗ ಕೇಳು. ಗುಡ್ಡದಾಗ ಯಾರನ್ನ ಕೇಳ್ತಿ?"

ಅವಳು ದೊಡ್ಡದನ್ನು ವಾಪಸ್ಸು ಇಟ್ಟಳು. ಆಮೇಲೆ ಸಣ್ಣದನ್ನೇ ತೆಗೆದುಕೊಂಡಳು.

ಮನೆಗೆ ತಂದು, ನನ್ನ ಫೋನಿನ ಜೊತೆ ಅದನ್ನು ಬಟಾಣಿ ಚೀಲದ ಪಕ್ಕ ಫ್ರೀಜರಿನಲ್ಲಿಟ್ಟೆ. "ಅವ್ವಗ ತಲಿ ಕೆಟ್ಟದ" ಅಂದಳು ಮಗಳು. ಸಂಜೆ ತೆಗೆದಾಗ ಫೋನು ಸತ್ತಿತ್ತು, ಯಂತ್ರದ ದೀಪ ಇನ್ನೂ ಉರಿಯುತ್ತಿತ್ತು. ಆಮೇಲೆ ಗ್ಯಾರೇಜಿನಲ್ಲಿ ಅದನ್ನು ಹ್ಯಾಂಡಲಿಗೆ ಬಿಗಿದ ಕ್ಲಿಪ್ಪಿಗೆ ಕೂರಿಸಿ, ಗ್ಲೌಸು ಹಾಕಿ, ಕಣ್ಣು ಮುಚ್ಚಿ, ಒಂದೇ ಎಳೆತಕ್ಕೆ ಕಳಚು ಅಂದೆ. ಇಪ್ಪತ್ತು ಸಲ ಮಾಡಿಸಿದೆ. ಹದಿನೇಳನೇ ಸಲಕ್ಕೆ ಅವಳು ನಕ್ಕುಬಿಟ್ಟಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು! ನಾನು ಹುಚ್ಚಿಯ ಹಾಗೆ ಚಪ್ಪಾಳೆ ತಟ್ಟಿದೆ.

ಆಗ ಪರ್ಸಿನಿಂದ ಮಡಚಿದ ಕಾಗದವೊಂದನ್ನು ತೆಗೆದಳು. ನಕ್ಷೆಯಲ್ಲಿ ಆ ಸೀಳು ಇರುವ ಜಾಗದ ಅಂಕಿಗಳನ್ನು ಪೊಲೀಸರು ಬರೆದುಕೊಟ್ಟಿದ್ದರಂತೆ. ಏಳು ತಿಂಗಳೂ ಅದು ಅವಳ ಬಳಿಯೇ ಇತ್ತು. ಒಂದೊಂದೇ ಅಂಕಿ ಯಂತ್ರದಲ್ಲಿ ಒತ್ತಿದಳು.

ಶನಿವಾರ ಹೋದಳು. ಯಂತ್ರ ಹತ್ತು ನಿಮಿಷಕ್ಕೊಮ್ಮೆ ಮಗಳ ಫೋನಿಗೆ ಅವಳಿರುವ ಜಾಗ ತೋರಿಸುವ ಒಂದು ಚುಕ್ಕೆ ಕಳಿಸುತ್ತಿತ್ತು. ಚುಕ್ಕೆ ರಸ್ತೆ ಬಿಟ್ಟು ಗುಡ್ಡ ಹತ್ತಿತು. ಒಂದು ಕಡೆ ನಿಂತಿತು. ಹತ್ತು ನಿಮಿಷ ಕಳೆದರೂ ಅಲ್ಲೇ. ಇಪ್ಪತ್ತು. ಮೂವತ್ತು.

"ಪೊಲೀಸರಿಗೆ ಫೋನ್ ಮಾಡ್ತೀನಿ ಅವ್ವಾ."

"ಬ್ಯಾಡ. ಕೂತಾಳ. ಕೂಡಲಿ ಬಿಡು."

ಹಾಗಂದೆನಾದರೂ ಫೋನು ಕೆಳಗಿಡಲು ಮಗಳನ್ನು ಬಿಡಲಿಲ್ಲ. ಐವತ್ತು ನಿಮಿಷಕ್ಕೆ ಚುಕ್ಕೆ ಕದಲಿತು. ನಾನು ಎದ್ದು ಒಲೆಯ ಮೇಲೆ ರೊಟ್ಟಿಯ ಹಂಚು ಇಟ್ಟೆ.

ಬಂದವಳು ಹೆಲ್ಮೆಟ್ ಕೆಳಗಿಟ್ಟು, ಮಾಸಿದ ಕೆಂಪು ಸ್ಕಾರ್ಫೊಂದನ್ನು ಮೇಜಿನ ಮೇಲೆ ಇಟ್ಟಳು. ಅವತ್ತು ಕತ್ತಲಲ್ಲಿ ಮುಂದೆ ಹೋಗಲಾಗದೆ ನಿಂತ ಮರಕ್ಕೆ ಗುರುತಿಗೆಂದು ಅವಳೇ ಕಟ್ಟಿದ್ದು.

"ಅಳದು ನೋಡಿದೆ ಆಯಿ. ಆ ಮರದಿಂದ ಆಕಿ ಬಿದ್ದ ಸೀಳಿನ ತನಕ ಸಿಕ್ಸ್‌ಟಿ ಮೀಟರ್. ನಾ ಅಷ್ಟು ಹತ್ತಿರ ವಾಪಸ್ ಹೋಗಿದ್ದೆ."

ಅರವತ್ತು ಮೀಟರೆಂದರೆ ನಮ್ಮ ಬಾಗಿಲಿಂದ ರಸ್ತೆಯ ಅಂಚೆಪೆಟ್ಟಿಗೆ ತನಕ.

"ಆಕಿ ಅವ್ವಗ ಇದನ್ನ ಹೇಳಬೇಕು," ಅಂದಳು. "ನಾನ ಹೇಳ್ತೀನಿ."

ಆಮೇಲೆ ತಟ್ಟೆ ಎಳೆದುಕೊಂಡು ಕೂತಳು. ಮೊದಲ ರೊಟ್ಟಿ ಹಾಕಿದೆ, ತಿಂದಳು. ಅಳುತ್ತಲೇ ಎರಡನೆಯದಕ್ಕೂ ಕೈ ಚಾಚಿದಳು.